ಇಷ್ಟಪಡುವುದು, ಇಟ್ಟುಕೊಳ್ಳುವುದು




ಇಂದಿನ ಚಿಂತನೆ ಮೊದಲನೆಯ ಶೀಲದ ಬಗ್ಗೆ. ಕೊಲ್ಲುವ ಮನಸ್ಸೇ ಇಲ್ಲದವರ ಕೈಯಲ್ಲೂ ಜೀವ ಹೋಗುವುದುಂಟು. ಆಗ ಶೀಲ ಉಳಿಯಿತೇ?

ಕಡಲ ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳುವ ಜೀವಿಯೊಂದಿದೆ, ಸೀ ಅನಿಮೋನ್. ನೋಡಲು ಹೂವು, ನಿಜದಲ್ಲಿ ಪ್ರಾಣಿ. ಅದಕ್ಕೆ ಮಿದುಳಿಲ್ಲ, ನರಗಳ ಬಲೆಯಿದೆ, ಮುಟ್ಟಿದರೆ ಮುದುಡುತ್ತದೆ. ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಇದನ್ನು ಸಾಕುವವರಿದ್ದಾರೆ. ಆದರೆ ಸಾಕುವುದು ಸುಲಭವಲ್ಲ. ಕ್ಲೌನ್ ಮೀನಿಗೆ ಆಸರೆಯಾಗುವ ಜಾತಿಗಳ ಮೈಯೊಳಗೆ ಪಾಚಿ ಬದುಕುತ್ತದೆ. ಅದಕ್ಕೆ ಪ್ರಖರ ಬೆಳಕು ಬೇಕು. ನೀರಿನ ಉಪ್ಪು, ಶಾಖ ಏರುಪೇರಾಗಬಾರದು. ಹೊಸ ತೊಟ್ಟಿ ಹದಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಜಾಗ ಒಗ್ಗದಿದ್ದರೆ ಅದು ಮೆಲ್ಲಗೆ ತೆವಳಿ ಹೊರಡುತ್ತದೆ. ಪಂಪಿನ ಬಾಯಿಗೆ ಸಿಕ್ಕಿ ಚೂರಾಗುವುದೂ ಉಂಟು.

ಇಂಗ್ಲೆಂಡಿನಲ್ಲಿ ಈ ಹವ್ಯಾಸ ಹಬ್ಬಲು ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿಯ ಪುಸ್ತಕಗಳು ಮುಖ್ಯ ಕಾರಣ. 1854ರಲ್ಲಿ ಅವರ 'ದಿ ಅಕ್ವೇರಿಯಂ' ಬಂತು. ಕಡಲ ಜೀವಿಗಳನ್ನು ಅವರು ಮನಸಾರೆ ಪ್ರೀತಿಸಿದವರು. ಓದಿದ ಜನ ಜಾಡಿ ಹಿಡಿದು ತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ನೀರಹೊಂಡಗಳು ಬರಿದಾದವು. ತನ್ನ ಬರಹವೇ ಇದಕ್ಕೆ ಕಾರಣವಾಯಿತೆಂದು ಗಾಸ್ ನೊಂದುಕೊಂಡರು ಎಂದು ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಹೇಳುತ್ತಾರೆ.

ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದಾರೆ. ಆ ತೀರಕ್ಕೆ ನುಗ್ಗಿದವರಿಗೆ ಇಚ್ಛೆಯೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಇದ್ದದ್ದು ಬರೀ ಇಷ್ಟ. "ಕೊಲ್ಲಬೇಕೆಂದು ತಂದದ್ದಲ್ಲ" ಎನ್ನುವುದು ಅರ್ಧ ಉತ್ತರ. ತರುವ ಅಗತ್ಯವಿತ್ತೇ ಎಂಬ ಇನ್ನರ್ಧಕ್ಕೂ ಉತ್ತರ ಹೇಳಬೇಕು.

ಹಾಗಾದರೆ ಸಾಕುವುದೇ ತಪ್ಪೇ? ಸ್ಕಾಟ್‌ಲೆಂಡಿನ ಸರ್ ಜಾನ್ ಡಾಲಿಯೆಲ್ 1828ರಲ್ಲಿ ನಾರ್ತ್ ಬರ್ವಿಕ್ ತೀರದಿಂದ ಒಂದು ಅನಿಮೋನ್ ತಂದರು. ಗಾಜಿನ ಜಾಡಿಯಲ್ಲಿಟ್ಟು, ಕಡಲ ನೀರು ಬದಲಿಸುತ್ತ ನೋಡಿಕೊಂಡರು. 1851ರಲ್ಲಿ ಅವರು ತೀರಿಕೊಂಡರು, ಅದು ಬದುಕಿತ್ತು. ಬೇರೆಯವರು ಆ ಹೊಣೆ ಹೊತ್ತರು. ನೂರಾರು ಮರಿ ಹಾಕಿ, 'ಅಜ್ಜಿ' ಎಂದು ಹೆಸರಾಗಿ, ಅದು 1887ರಲ್ಲಿ ಸತ್ತಿತು. ತೀರದ ಏರಿಳಿತ ಸಹಿಸುವ ಗಟ್ಟಿ ಜಾತಿ ಅದು, ನಿಜ. ಆದರೂ ಸಾಕಿದವನು ಹೋದ ಮೇಲೆ 36 ವರ್ಷ ಅದು ಉಳಿದದ್ದು ಯಾರೋ ಬೇಸರಿಸದೆ ನೀರು ಬದಲಿಸಿದ್ದರಿಂದ. ಒಂದು ಜೀವವನ್ನು ಅದರ ನೆಲೆಯಿಂದ ಕಿತ್ತು ತಂದರೆ ನಮ್ಮ ಆಸೆ ಇರುವಷ್ಟು ದಿನವಲ್ಲ, ಅದರ ಆಯಸ್ಸು ಇರುವಷ್ಟು ದಿನ ಹೊಣೆ ನಮ್ಮದು.

ಮಕ್ಕಳು ಅಂಗಡಿಯ ಗಾಜಿನ ಮುಂದೆ ನಿಂತು "ಇದು ಬೇಕು" ಎಂದಾಗ ಅವರೊಂದಿಗೆ ಕೂತು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದರ ಬದುಕಿಗೆ ಏನೇನು ಬೇಕು? ಅದನ್ನು ಎಷ್ಟು ವರ್ಷ ಕೊಡಬಲ್ಲೆವು? ನಾವಿಲ್ಲದಾಗ ಯಾರು ಕೊಡುತ್ತಾರೆ? ಉತ್ತರ ಸಿಗದಿದ್ದರೆ ಕಣ್ತುಂಬ ನೋಡಿ, ಅಲ್ಲಿಯೇ ಬಿಟ್ಟು ಬರೋಣ. ಅದೂ ಶೀಲಪಾಲನೆಯೇ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್.