ದೀಪದ ದಿಕ್ಕು

ಪೇಟೆಯ ಬಾಳಿಗೆ ಬೇಸತ್ತ ಇಂಗ್ಲೆಂಡಿನವನೊಬ್ಬ ಹಳೆಯ ಲ್ಯಾಂಡ್‌ರೋವರಿನಲ್ಲಿ ಸಾಮಾನು ಹೇರಿಕೊಂಡು ಫ್ರಾನ್ಸಿನ ಹಳ್ಳಿಯೊಂದರಲ್ಲಿ ನೆಲೆಸಲು ಹೊರಡುತ್ತಾನೆ. ಅಂಥವರು ಅನೇಕರುಂಟು. ಆ ಗಾಡಿಯೂ ಹೊಲದ ಕೆಲಸಕ್ಕೆಂದೇ ಹುಟ್ಟಿದ್ದು. 1948ರಲ್ಲಿ, ಯುದ್ಧಾನಂತರದ ಉಕ್ಕಿನ ಅಭಾವದಿಂದ, ಅದಕ್ಕೆ ಅಲ್ಯೂಮಿನಿಯಂ ಮಿಶ್ರಲೋಹದ ಮೈ ತೊಡಿಸಿದರು. ರಸ್ತೆ ಮುಗಿದಲ್ಲಿಯೂ ಅದರ ನಡಿಗೆ ಮುಗಿಯದು.

ಆದರೆ ಎಲ್ಲಿಗೂ ಹೋಗಬಲ್ಲ ಗಾಡಿಯಿದ್ದ ಮಾತ್ರಕ್ಕೆ ಎಲ್ಲಿಯೂ ನೆಲೆಸುವ ಹಕ್ಕು ಬಂದೀತೆ? ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ, 2021ರಿಂದ, ಹೊಸದಾಗಿ ಹೋಗುವ ಬ್ರಿಟಿಷ್ ಪ್ರಜೆ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಉಳಿಯಬೇಕಾದರೆ ಅನುಮತಿ ಪಡೆಯಬೇಕು. ಸರಕಾರದ ಅನುಮತಿ ಕಚೇರಿಯಲ್ಲಿ ದೊರೆಯುತ್ತದೆ. ನೆರೆಯವರ ಅನುಮತಿ ಎಲ್ಲಿ ದೊರೆಯುತ್ತದೆ?

ಉತ್ತರದ ಸುಳಿವು ಆ ಗಾಡಿಯಲ್ಲಿಯೇ ಇದೆ. ಇಂಗ್ಲೆಂಡಿನಲ್ಲಿ ವಾಹನಗಳು ನಮ್ಮಲ್ಲಿಯಂತೆ ಎಡಕ್ಕೆ ಸಾಗುತ್ತವೆ, ಫ್ರಾನ್ಸಿನಲ್ಲಿ ಬಲಕ್ಕೆ. ಡಿಮ್ ಮಾಡಿದ ದೀಪದ ಬೆಳಕು ತವರಿನಲ್ಲಿ ರಸ್ತೆಯಂಚಿನತ್ತ ವಾಲಿ ಎದುರಿನವನ ಕಣ್ಣನ್ನು ಕಾಯುತ್ತದೆ. ಕಡಲು ದಾಟಿದೊಡನೆ ಅದೇ ಬೆಳಕು ಎದುರಿನವನ ಕಣ್ಣನ್ನೇ ಕುಕ್ಕುತ್ತದೆ. ದೀಪ ಕೆಟ್ಟಿಲ್ಲ, ಚಾಲಕನೂ ಕೆಟ್ಟವನಲ್ಲ. ತನ್ನೂರಿನಲ್ಲಿ ಸೌಜನ್ಯವಾಗಿದ್ದುದೇ ಪರವೂರಿನಲ್ಲಿ ಉಪದ್ರವವಾಯಿತು, ಅಷ್ಟೆ.

ಅವನು ಹೋಗಬಾರದೆಂದು ನಾನು ಹೇಳಲಾರೆ. ಶಾಂತಿಯನ್ನು ಬಯಸುವುದು ತಪ್ಪಲ್ಲ. ಆದರೆ ಅವನಿಗೆ ಶಾಂತಿಧಾಮವಾದ ಹಳ್ಳಿ ಅಲ್ಲಿ ಹುಟ್ಟಿದವನಿಗೆ ಹಾಲು ಕರೆಯುವ, ಉಳುವ, ಸಾಲ ತೀರಿಸುವ ಜಾಗ. ಅವನ ನೋಟಕ್ಕೆಂದು ಬರೆದಿಟ್ಟ ಚಿತ್ರವಲ್ಲ. ಗಾಡಿಯ ದೀಪವನ್ನು ಗ್ಯಾರೇಜಿನವನು ಸರಿಪಡಿಸಿಕೊಟ್ಟಾನು. ನೆರೆಯವನ ಭಾಷೆಯನ್ನು ತಪ್ಪುತಪ್ಪಾಗಿಯಾದರೂ ಆಡುವುದು, ಅವನ ಬಿಡುವನ್ನು ಕೇಳಿ ಮನೆಗೆ ಹೋಗುವುದು, ತನ್ನೂರಿನ ರೀತಿಯೇ ಸರಿಯೆಂಬ ಹಟವನ್ನು ಬಿಡುವುದು, ಇವಿಷ್ಟನ್ನು ಮಾತ್ರ ಅವನೇ ಮಾಡಿಕೊಳ್ಳಬೇಕು.