ಮನೆ ಮಾರುವವನ ಮೌನ

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯ ಕಡೆಯ ಪರಿಚಿತರೊಬ್ಬರು ಒಂದು ಬೇಸಿಗೆಯಲ್ಲಿ ನನ್ನನ್ನು ಕಾಣಲು ಬಂದಿದ್ದರು. ಅವರು ನಿವೃತ್ತ ಉಪಾಧ್ಯಾಯರು. ತಂದೆಯ ಕಾಲದ ದೊಡ್ಡ ತೊಟ್ಟಿಮನೆಯನ್ನು ಮಾರಲು ಒಡಹುಟ್ಟಿದವರೆಲ್ಲ ಒಪ್ಪಿದ್ದರು. ತಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದಾನೆ, ತಂಗಿ ಮೈಸೂರಿನಲ್ಲಿದ್ದಾಳೆ. ಅಷ್ಟು ದೊಡ್ಡ ಮನೆಯಲ್ಲಿ ಸಂಜೆ ದೀಪ ಹಚ್ಚುವವರಿಲ್ಲ. ಮೇಲಾಗಿ ತಂಗಿಯ ಪತಿಯ ಚಿಕಿತ್ಸೆಗೆ ತುರ್ತಾಗಿ ಹಣ ಬೇಕಾಗಿತ್ತು.

ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುವ ಹೊಣೆಯನ್ನು ತಮ್ಮ ವಹಿಸಿಕೊಂಡ. ಮುರುಕು ಸಾಮಾನುಗಳನ್ನು ಹೊರಹಾಕಿಸಿದ. ತೊಟ್ಟಿಯನ್ನು ತೊಳೆಸಿ, ಕಂಬಗಳಿಗೆ ಎಣ್ಣೆ ಹಚ್ಚಿಸಿ, ಜಗಲಿಯ ಮೇಲೆ ಹೂವಿನ ಕುಂಡಗಳನ್ನಿರಿಸಿ, ಬೆಳಗಿನ ಬೆಳಕಿನಲ್ಲಿ ಚಿತ್ರಗಳನ್ನು ತೆಗೆದು ಮೊಬೈಲಿನಲ್ಲಿ ಹತ್ತಾರು ಜನರಿಗೆ ಕಳುಹಿಸಿದ. ಅಷ್ಟಕ್ಕೇ ಮುಗಿದಿದ್ದರೆ ಆ ಹಿರಿಯರು ನನ್ನ ಬಳಿಗೆ ಬರುತ್ತಿರಲಿಲ್ಲ. ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳು ತುಂಬಿದಾಗ ಹಿಂದಿನ ಕೋಣೆಯ ಮಣ್ಣಿನ ಗೋಡೆ ಸೊಂಟದೆತ್ತರಕ್ಕೆ ತೇವವನ್ನು ಹೀರುತ್ತದೆ. ಅದರ ಮೇಲಿನ ತೊಲೆಯೊಳಗೆ ಗೆದ್ದಲು ಸೇರಿದೆ. ಗೋಡೆಗೆ ಹಲಗೆ ಹೊದಿಸಿ, ತೊಲೆಗೆ ಬಣ್ಣ ಬಳಿದು, ನೀರು ಬಿಡುವ ಮೊದಲೇ ನೋಂದಣಿ ಮುಗಿಸಿಬಿಡೋಣವೆಂಬುದು ತಮ್ಮನ ಸಲಹೆ.

"ಸ್ವಾಮಿ, ಕೇಳಿದರೆ ನಾನು ಸುಳ್ಳು ಹೇಳುವವನಲ್ಲ. ಕೇಳದಿದ್ದರೆ ಸುಮ್ಮನಿರುವುದೂ ಪಾಪವೇ?" ಎಂದರು ಅವರು.

ಪ್ರಿಯ ಓದುಗರೇ, ಈ ಪ್ರಶ್ನೆ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಂಥದೇ ಒಂದು ಮನೆಯ ಮಾತು ಬರುತ್ತದೆ. ಅದರ ದೋಷಗಳು ಮಾರುವವನೊಬ್ಬನಿಗೇ ಗೊತ್ತು. ಡಯೋಜಿನಿಸ್ ಎಂಬ ತತ್ತ್ವಜ್ಞಾನಿಯ ವಾದದಂತೆ, ಕೊಳ್ಳೆಂದು ಯಾರನ್ನೂ ಬಲವಂತಪಡಿಸದಿರುವಾಗ ಮೌನ ವಂಚನೆಯಲ್ಲ. ಅವನ ಶಿಷ್ಯ ಆಂಟಿಪಾಟರನ ಪ್ರಕಾರವಾದರೋ, ಒಬ್ಬನು ಅರಿಯದೆ ನಷ್ಟಕ್ಕೆ ಬೀಳುವುದನ್ನು ತಿಳಿದೂ ನೋಡುತ್ತಿರುವುದು ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಕೀಳು. ಸಿಸೆರೊ ಶಿಷ್ಯನ ಪಕ್ಷವನ್ನೇ ಹಿಡಿದ.

13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ವಿಷಯವನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಚಾರಿಸಿದರು. ಕಣ್ಣಿಗೆ ಕಾಣುವ ದೋಷವನ್ನು ಮಾರುವವನು ಹೇಳಲೇಬೇಕೆಂದಿಲ್ಲ. ಬೆಲೆಯಲ್ಲಿ ಅದಕ್ಕೆ ತಕ್ಕಷ್ಟು ಇಳಿಸಿದರೆ ಸಾಕು. ಆದರೆ ಕೊಳ್ಳುವವನಿಗೆ ಅಪಾಯವನ್ನೋ ನಷ್ಟವನ್ನೋ ತರುವ ಗುಪ್ತದೋಷವನ್ನು ತಿಳಿಸಲೇಬೇಕು. ಹಾಗೆಂದು ಡಂಗುರ ಸಾರಬೇಕಾಗಿಲ್ಲ. ಸಾರಿದರೆ ಜನ ಬೆದರಿ, ವಸ್ತುವಿನ ಒಳ್ಳೆಯ ಗುಣಗಳನ್ನೂ ನೋಡದೆ ಹೋದಾರು. ಕೊಳ್ಳಲು ಬಂದವನಿಗೆ ಮುಖಾಮುಖಿ ಹೇಳಿದರಾಯಿತು. ಅವನು ಗುಣದೋಷಗಳೆರಡನ್ನೂ ತೂಗಿ ತೀರ್ಮಾನಿಸಲಿ. ಇಂದಿನ ಜಾಹೀರಾತಿಗೂ ಈ ಅಳತೆ ಸಾಲದೇ? ಚಿತ್ರದಲ್ಲಿ ತೊಟ್ಟಿಯ ಚೆಲುವನ್ನೇ ತೋರಿಸೋಣ. ಮನೆ ನೋಡಲು ಬಂದವನನ್ನು ಹಿಂದಿನ ಕೋಣೆಗೂ ಕರೆದೊಯ್ಯೋಣ.

ನಮ್ಮ ದೇಶದ ಕಾನೂನಿನ ಮಾತೂ ಇದೇ. ಬೇರೆ ಕರಾರಿಲ್ಲದಿದ್ದಲ್ಲಿ, ಸಾಮಾನ್ಯ ಎಚ್ಚರಿಕೆಯಿಂದ ಕೊಳ್ಳುವವನು ಕಂಡುಕೊಳ್ಳಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣ ವಿಧಿಸುತ್ತದೆ. ನೋಂದಣಿ ಕಚೇರಿಯ ಋಣಭಾರ ಪತ್ರ ಮನೆಯ ಮೇಲಿನ ಸಾಲವನ್ನು ಹೇಳೀತು, ಗೋಡೆಯೊಳಗಿನ ತೇವವನ್ನು ಹೇಳದು. ಅದನ್ನು ಬಲ್ಲವನು ಅಲ್ಲಿ ಬಾಳಿದವನೊಬ್ಬನೇ.

ಹಾಗಾದರೆ ಮನೆಯನ್ನು ಅಂದಗೊಳಿಸುವುದೇ ತಪ್ಪೇ? ಖಂಡಿತ ಅಲ್ಲ. ಮಂಡ್ಯದ ಆಲೆಮನೆಗಳನ್ನು ಕಂಡವರಿಗೆ ಇದರ ಉತ್ತರ ಸುಲಭವಾಗಿ ಹೊಳೆದೀತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆಯನ್ನು ಹಾಕುವುದುಂಟು. ಕೊಳೆ ನೊರೆಯಾಗಿ ಮೇಲೇಳುತ್ತದೆ, ಅದನ್ನು ತೆಗೆದುಹಾಕುತ್ತಾರೆ. ಬೆಲ್ಲ ಹೊಂಬಣ್ಣವಾಗಿ ಕಾಣಲೆಂದು ರಾಸಾಯನಿಕ ಬೆರೆಸುವುದೂ ಉಂಟು. ಎರಡರಿಂದಲೂ ಬೆಲ್ಲ ಚೆನ್ನಾಗಿ ಕಾಣುತ್ತದೆ. ಆದರೆ ಮೊದಲನೆಯದು ಕೊಳೆಯನ್ನು ತೆಗೆಯುತ್ತದೆ, ಎರಡನೆಯದು ಕಣ್ಣನ್ನು ಮೋಸಗೊಳಿಸುತ್ತದೆ. ತೊಟ್ಟಿ ತೊಳೆಸಿದ್ದು ಬೆಂಡೆಯ ಲೋಳೆ; ಒದ್ದೆ ಗೋಡೆಗೆ ಹೊದಿಸುವ ಹಲಗೆ ರಾಸಾಯನಿಕ. "ಇದನ್ನು ಇದಕ್ಕಾಗಿ ಮಾಡಿಸಿದೆ" ಎಂದು ಕೊಳ್ಳುವವನ ಮುಂದೆ ಹೇಳಬಲ್ಲೆವಾದರೆ ಅದು ಅಲಂಕಾರ, ಹೇಳಲಾರೆವಾದರೆ ವಂಚನೆ.

ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ, ಗೋಡೆಯಲ್ಲಿ ಬೂಷ್ಟಿನಂಥ ಕಲೆ ಕಂಡರೆ ಮನೆಯ ಒಡೆಯನೇ ಹೋಗಿ ಯಾಜಕನಿಗೆ ತಿಳಿಸಬೇಕೆಂಬ ವಿಧಿಯಿದೆ. ಕಲೆ ಹರಡಿದ್ದರೆ ಹೊಸ ಗಾರೆ ಬಳಿಯುವ ಮುನ್ನ ಕೆಟ್ಟ ಕಲ್ಲುಗಳನ್ನು ಕಿತ್ತು ತೆಗೆಯಬೇಕು. ಈ ಕ್ರಮವನ್ನೇ ಅಲ್ಲವೇ ನಾವು ತಲೆಕೆಳಗು ಮಾಡುವುದು?

ಇಷ್ಟೆಲ್ಲ ಹೇಳಿದ ಮೇಲೂ ಆ ಹಿರಿಯರು ಏಳಲಿಲ್ಲ. "ತಂಗಿಯ ಕಷ್ಟ, ಸ್ವಾಮಿ?" ಎಂದರು. ನನಗೂ ಕೂಡಲೇ ಮಾತು ಹೊರಡಲಿಲ್ಲ. ಕಷ್ಟ ನಿಜವಾದದ್ದೇ. ಆದರೆ ಆ ಮನೆಯನ್ನು ಕೊಳ್ಳಲು ಬರುವವನಿಗೂ ಒಬ್ಬ ತಂಗಿ ಇದ್ದಾಳು. ಅವನೂ ಜಮೀನು ಮಾರಿಯೋ ಸಾಲ ಮಾಡಿಯೋ ಹಣ ತಂದಾನು. ನಮ್ಮವರ ನೋವಿಗೆ ಪರರ ಕಿಸೆಯಿಂದ, ಅವರಿಗೇ ತಿಳಿಯದಂತೆ, ಔಷಧಿ ಕೊಳ್ಳುವ ಹಕ್ಕು ನಮಗಿಲ್ಲ. ಬೇಕಾದರೆ ನಮ್ಮ ಪಾಲಿನಿಂದ ಕೊಡಬಹುದು. ಅಳುಕುತ್ತಲೇ ಇದನ್ನು ಹೇಳಿದೆ. ಏಕೆಂದರೆ ಕೊಡಬೇಕಾದವನು ನಾನಾಗಿರಲಿಲ್ಲ.

ಅವರು ಹಲಗೆ ಹೊದಿಸಲಿಲ್ಲ. ಮೊದಲು ಬಂದವರು ಗೋಡೆಯ ಸಂಗತಿ ಕೇಳಿ ಹಿಂದಿರುಗಿ ಹೋದರು. ಆಮೇಲೆ ಬಂದವರು ಗಾರೆ ಕೆಲಸದವನನ್ನೂ ಬಡಗಿಯನ್ನೂ ಕರೆತಂದು ತೋರಿಸಿ, ಬೆಲೆ ಇಳಿಸಿ ಕೊಂಡರು. ಕಡಿಮೆಯಾದ ಮೊತ್ತವನ್ನು ಹಿರಿಯರು ತಮ್ಮ ಭಾಗದಿಂದಲೇ ತಂಗಿಗೆ ತುಂಬಿಕೊಟ್ಟರು. ತಮ್ಮ ಬಹುಕಾಲ ಅವರೊಡನೆ ಮಾತು ಬಿಟ್ಟಿದ್ದ. ಸತ್ಯಕ್ಕೆ ಬೆಲೆಯಿದೆ ಎನ್ನುತ್ತೇವೆ. ಅದನ್ನು ತೆರುವವರು ಯಾರೆಂಬುದನ್ನು ಮರೆಯುತ್ತೇವೆ.

ಓದುಗರೇ, ಮನೆ ಮಾರುವ ಸಂದರ್ಭ ನಿಮಗೆ ಬರಬಹುದು, ಬಾರದಿರಬಹುದು. ಆದರೆ ಮಗಳ ಸಂಬಂಧ ಕುದುರಿಸುವಾಗ, ಹಸು ಮಾರುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ ನಾವೆಲ್ಲರೂ ಯಾವುದೋ ಒಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿರುತ್ತೇವೆ. ಆ ಬಾಗಿಲನ್ನು ನಾವಾಗಿಯೇ ತೆರೆದು ತೋರಿಸುವೆವೋ, ಅಥವಾ ಯಾರೂ ಕೇಳಲಿಲ್ಲವೆಂದು ಸುಮ್ಮನಿರುವೆವೋ?