ಪ್ರತಿಕೃತಿಯ ಕಕಾರ

ನಿವೃತ್ತನಾದ ಉಪಾಧ್ಯಾಯನಿಗೆ ಕಾಲವು ಹೇರಳವಾಗಿ ದೊರೆಯುವುದು. ಅವನು ಆ ಕಾಲವನ್ನಳೆಯುವ ಯಂತ್ರಗಳನ್ನೇ ಕೂಡಿಹಾಕುತ್ತ ಕುಳಿತರೆ ಮನೆಯವರು ನಗುವುದು ಸಹಜವೇ ಸರಿ. ಬಳ್ಳಾರಿಯ ನಮ್ಮ ಮನೆಯ ಕಿಟಕಿಯ ಬಳಿ ಒಂದು ಮೇಜಿರುವುದು. ಅದರ ಮೇಲೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಎರಡು ಚಿಮಟಗಳು, ಸಣ್ಣ ತಿರುಪುಳಿಗಳು, ಪೆಟ್ರೋಲಿನ ಬಟ್ಟಲು, ಎಣ್ಣೆಯ ಸೀಸೆ, ಇವಿಷ್ಟೇ ನನ್ನ ಐಶ್ವರ್ಯ. ಈ ವಿದ್ಯೆಯನ್ನು ನನಗೆ ಹೇಳಿಕೊಟ್ಟವರು ಬ್ರೂಸ್‌ಪೇಟೆಯ ಒಬ್ಬ ವೃದ್ಧ ಗಡಿಯಾರ ರಿಪೇರಿಯವರು. ಪಾಠಶಾಲೆಯಲ್ಲಿ ನನಗೆ ಕೌಮುದಿಯನ್ನು ಕಲಿಸಿದ ಗುರುಗಳಿಗೂ ಇವರಿಗೂ ಒಂದು ಸಾಮ್ಯವುಂಟು: ಬಿಚ್ಚಿದುದನ್ನು ಮರಳಿ ಜೋಡಿಸಲಾರದವನು ಬಿಚ್ಚಲೇಬಾರದೆಂಬುದು ಇಬ್ಬರ ಮತವೂ ಆಗಿತ್ತು.

ನನ್ನ ಸಂಗ್ರಹದಲ್ಲಿ ಅಸಲಿಗಿಂತ ನಕಲಿಯೇ ಹೆಚ್ಚೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು. ಈ ನಕಲಿಗಳಲ್ಲಿ ಎರಡು ಜಾತಿ. ಮೊದಲನೆಯದು ನಮ್ಮ ಎಚ್.ಎಂ.ಟಿ.ಯ ಹೆಸರಿನದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ೧೯೬೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ‘ಜನತಾ’ ಗಡಿಯಾರವು ನಮ್ಮ ತಲೆಮಾರಿನ ಮನೆಗಳಲ್ಲಿ ತೇರ್ಗಡೆಯಾದ ಮಗನಿಗೂ ಹೊಸ ಅಳಿಯನಿಗೂ ಸಲ್ಲುತ್ತಿದ್ದ ಮರ್ಯಾದೆಯಾಗಿತ್ತು. ಹದಿನೇಳು ಕಲ್ಲುಗಳ, ಕೈಯಿಂದ ಕೀಲಿ ಕೊಡುವ ಆ ಯಂತ್ರವು ಗಂಟೆಗೆ ೧೮,೦೦೦ ಬಾರಿ ಮಿಡಿಯುವುದು. ೨೦೧೬ರ ಜನವರಿಯಲ್ಲಿ ಕೇಂದ್ರ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಇದ್ದಾಗ ಕೇಳದಿದ್ದವರಿಗೆಲ್ಲ ಹೋದ ಮೇಲೆ ಪ್ರೀತಿ ಉಕ್ಕಿತು. ಪ್ರೀತಿಯ ಹಿಂದೆಯೇ ನಕಲಿಯೂ ಹೆಚ್ಚಿತು. ತೇವದಿಂದ ಕೊಳೆತ ಹಳೆಯ ಡಯಲನ್ನು ಕೆರೆದು, ಕಾರ್ಖಾನೆಯು ಎಂದೂ ಮಾಡದಿದ್ದ ಬಣ್ಣಗಳನ್ನು ಬಳಿದು, ಹೆಸರನ್ನು ಮರಳಿ ಮುದ್ರಿಸಿ, ಮೂರು ಬೇರೆ ಗಡಿಯಾರಗಳ ಅಂಗಗಳನ್ನು ಒಂದಾಗಿ ಕೂಡಿಸಿ ಮಾರುವರು. ವ್ಯಾಪಾರಿಗಳು ಇದನ್ನು ಮುಂಬಯಿ ಮಾಲೆನ್ನುವರು. ನಾನು ಜರಾಸಂಧನೆಂದು ಹೆಸರಿಟ್ಟಿರುವೆನು.

ಎರಡನೆಯ ಜಾತಿಯು ರೋಲೆಕ್ಸ್ ಮೊದಲಾದ ಸ್ವಿಸ್ ಹೆಸರುಗಳನ್ನು ಹೊತ್ತು ಚೀನಾದಿಂದ ಬರುವಂಥದು. ಹಿಂದೆ ಇವುಗಳೊಳಗೆ ಬ್ಯಾಟರಿಯ ಅಗ್ಗದ ಯಂತ್ರವಿದ್ದು, ಸೆಕೆಂಡಿನ ಮುಳ್ಳು ಕಪ್ಪೆಯಂತೆ ಕುಪ್ಪಳಿಸುತ್ತಿದ್ದುದರಿಂದ ಹುಡುಗರೂ ಗುರುತು ಹಿಡಿಯುತ್ತಿದ್ದರು. ಈಗ ಅನೇಕವುಗಳಲ್ಲಿ ಮಿಯೋಟಾ ಎಂಬ ಜಪಾನಿನ ಯಂತ್ರವೋ ಅದರ ಅನುಕರಣವೋ ಇರುವುದು. ಅಸಲಿ ರೋಲೆಕ್ಸು ಗಂಟೆಗೆ ೨೮,೮೦೦ ಬಾರಿ ಮಿಡಿದರೆ ಇದು ೨೧,೬೦೦ ಬಾರಿ ಮಿಡಿಯುವುದು. ವ್ಯತ್ಯಾಸವು ಪಳಗಿದ ಕಿವಿಗೇ ಹೊರತು ಅನ್ಯರಿಗೆ ತಿಳಿಯದು. ಮಿಯೋಟಾ ಎಂಬುದು ಸಿಟಿಜನ್ ಮನೆತನದ್ದೇ. ಎಂದ ಮೇಲೆ ಸ್ವಿಸ್ ವೇಷ ಧರಿಸಿದ ಈ ನಟನು ನಮ್ಮ ಜನತಾ ಗಡಿಯಾರದ ದಾಯಾದಿಯೇ ಆದನು!

ಇಂಥವನ್ನು ಏಕೆ ಕೊಳ್ಳುವಿರೆಂದು ಕೇಳಿದರೆ ನನ್ನ ಸಮಾಧಾನವಿದು. ಲಕ್ಷಗಟ್ಟಲೆ ಬೆಲೆಯ ಅಸಲಿಯನ್ನು ಪಿಂಚಣಿಯವನು ಕೊಳ್ಳಲಾರನು, ಕೊಂಡರೂ ಬಿಚ್ಚಲಾರನು. ನಕಲಿಯ ಮೇಲೆ ಕೈ ಪಳಗುವುದು. ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ಮೆಲ್ಲನೆ ಇಳಿಸಿ, ಬ್ಯಾಲೆನ್ಸ್ ಚಕ್ರವನ್ನು ಎತ್ತಿ, ಗಾಲಿಗಳನ್ನು ಒಂದೊಂದಾಗಿ ತೊಳೆದು, ಒಂದೊಂದು ಕಲ್ಲಿಗೆ ಸೂಜಿಯ ಮೊನೆಯಷ್ಟು ಎಣ್ಣೆಯನ್ನು ಮುಟ್ಟಿಸಬೇಕು. ಪ್ಯಾಲೆಟ್ ಕವೆಯ ಮೊನೆಗಳಿಗಾದರೋ ಎಣ್ಣೆಯನ್ನು ತೋರಿಸಲೂ ಕೂಡದು. ನಿಂತಿದ್ದ ಬ್ಯಾಲೆನ್ಸ್ ಚಕ್ರವು ಒಮ್ಮೆಲೆ ಓಲಾಡತೊಡಗುವ ಆ ಕ್ಷಣದ ಸಂತೋಷವನ್ನು ಅನುಭವಿಸಿದವರೇ ಬಲ್ಲರು. ಆ ಕ್ಷಣದಲ್ಲಿ ಅಸಲಿ ನಕಲಿಗಳ ಭೇದವು ತೋರುವುದಿಲ್ಲ.

ಇಲ್ಲಿಯೇ ಪೂರ್ವಪಕ್ಷವು ಏಳುವುದು. ಕಾಲವನ್ನು ತಿಳಿಸುವುದೇ ಗಡಿಯಾರದ ಪ್ರಯೋಜನ. ಆ ಪ್ರಯೋಜನವನ್ನು ಸಾಧಿಸಿಕೊಡುವ ವಸ್ತುವನ್ನು ಸುಳ್ಳೆನ್ನುವುದು ಹೇಗೆ? ಅರ್ಥಕ್ರಿಯೆಯನ್ನು ಮಾಡಬಲ್ಲುದೇ ಸತ್ತೆಂದು ಬೌದ್ಧ ತಾರ್ಕಿಕರು ಹೇಳಲಿಲ್ಲವೆ? ಹಂಪೆಯ ನೆರೆಯವರಾದ ನಮಗೆ ವಿದ್ಯಾರಣ್ಯರದೆಂದು ಪ್ರಸಿದ್ಧವಾದ ಪಂಚದಶಿಯು ಇನ್ನೂ ಹತ್ತಿರದ ಆಧಾರ. ರತ್ನದ ಪ್ರಭೆಯನ್ನೇ ರತ್ನವೆಂದು ಭ್ರಮಿಸಿ ಓಡಿದವನಿಗೆ ಕೊನೆಗೆ ರತ್ನವೇ ದೊರೆಯುವುದು, ದೀಪದ ಪ್ರಭೆಯನ್ನು ಹಾಗೆ ಭ್ರಮಿಸಿದವನಿಗೆ ಏನೂ ದೊರೆಯದು. ಮೊದಲನೆಯದು ಫಲ ಕೊಡುವ ಸಂವಾದಿಭ್ರಮವೆಂದು ಅದರ ಧ್ಯಾನದೀಪ ಪ್ರಕರಣದಲ್ಲಿದೆ. ಇನ್ನು ಕೃತಕವಾದುದೆಲ್ಲ ಹೇಯವೆನ್ನುವವರು ಅಸಲಿ ಗಡಿಯಾರದ ಕಲ್ಲುಗಳನ್ನೇ ನೋಡಲಿ. ಅವು ಗಣಿಯ ಮಾಣಿಕ್ಯಗಳಲ್ಲ. ಫ್ರಾನ್ಸಿನ ವೆರ್ನಾಯ್ ಎಂಬ ವಿದ್ವಾಂಸನು ೧೯೦೨ರಲ್ಲಿ ಪ್ರಕಟಿಸಿದ ಕ್ರಮದಿಂದ ಮಾಣಿಕ್ಯವನ್ನು ಕುಲುಮೆಯಲ್ಲಿಯೇ ಬೆಳೆಯಿಸುವುದು ಸಾಧ್ಯವಾಯಿತು. ಜಗತ್ಪ್ರಸಿದ್ಧವಾದ ಗಡಿಯಾರಗಳೂ ಅಂಥ ಕಲ್ಲುಗಳ ಮೇಲೆಯೇ ತಿರುಗುವುವು.

ಈ ವಾದವು ಬಹುಕಾಲ ನನ್ನ ಬಾಯಿ ಮುಚ್ಚಿಸಿತ್ತು. ಆದರೆ ಕುಲುಮೆಯ ಮಾಣಿಕ್ಯವು ತಾನು ಬರ್ಮಾದಲ್ಲಿ ಹುಟ್ಟಿದೆನೆಂದು ಎಲ್ಲಿಯೂ ಬರೆದುಕೊಂಡಿಲ್ಲ. ವೇದಾಂತಿಗಳ ಶುಕ್ತಿರಜತ ದೃಷ್ಟಾಂತವನ್ನೇ ತೆಗೆದುಕೊಳ್ಳಿರಿ. ಚಿಪ್ಪನ್ನು ಬೆಳ್ಳಿಯೆಂದು ತಿಳಿದವನದು ಅವನದೇ ಭ್ರಮೆ. ಚಿಪ್ಪಿನ ಬೆನ್ನಿನ ಮೇಲೆ ‘ನಾನು ಬೆಳ್ಳಿ’ ಎಂಬ ಬರಹವಿರಲಿಲ್ಲ. ನಕಲಿ ಗಡಿಯಾರದ ಮೇಲೆ ಆ ಬರಹವಿದೆ. ಬರೆದವನೊಬ್ಬನಿದ್ದಾನೆ, ಓದಲೆಂದೇ ಬರೆದಿದ್ದಾನೆ. ಸ್ವಿಸ್ ಕುಶಲಿಗಳೇ ಹದಿನೆಂಟನೆಯ ಶತಮಾನದಲ್ಲಿ ತಮ್ಮ ಗಡಿಯಾರಗಳ ಮೇಲೆ ಲಂಡನ್ನಿನ ಹೆಸರುಗಳನ್ನು ಸುಳ್ಳಾಗಿ ಕೆತ್ತಿ ಮಾರಿದುದುಂಟೆಂಬುದನ್ನೂ ಹೇಳಿಬಿಡುವೆನು. ಈ ವ್ಯಾಧಿಯು ಒಂದೇ ದೇಶದ್ದಲ್ಲ.

ಇದಕ್ಕೆ ಸಮಾಧಾನವು ನನಗೆ ದೊರೆತುದು ವ್ಯಾಕರಣದಲ್ಲಿ. ಕುದುರೆಯ ಬೊಂಬೆಯನ್ನು ಅಶ್ವವೆನ್ನಲು ಪಾಣಿನಿಯು ಒಪ್ಪನು. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿಕೃತಿಯ ಅರ್ಥದಲ್ಲಿ ‘ಕನ್’ ಪ್ರತ್ಯಯವನ್ನು ವಿಧಿಸಿರುವನು. ಬೊಂಬೆಯು ಅಶ್ವವಲ್ಲ, ಅಶ್ವಕ. ಮುಂದೆ ಅದಕ್ಕೊಂದು ವಿನಾಯಿತಿಯೂ ಉಂಟು. ಯಾವ ಪ್ರತಿಮೆಯಿಂದ ಒಬ್ಬನ ಜೀವನವು ಸಾಗುವುದೋ, ಆದರೆ ಯಾವುದು ಮಾರುವ ಪದಾರ್ಥವಲ್ಲವೋ, ಅಲ್ಲಿ ಆ ಪ್ರತ್ಯಯವು ಲೋಪವಾಗುವುದು. ಕುರುಗೋಡಿನಲ್ಲಿ ಏಕಶಿಲೆಯ ಮಹಾನಂದಿಯನ್ನು ದೊಡ್ಡಬಸವೇಶ್ವರನೆಂದೇ ನಾವು ಕೈಮುಗಿಯುವೆವು. ಆದರೆ ಜಾತ್ರೆಯ ಅಂಗಡಿಯಲ್ಲಿ ಮಾರುವ ಮಣ್ಣಿನ ಬಸವನು ಪಾಣಿನಿಯ ಲೆಕ್ಕದಲ್ಲಿ ‘ಬಸವಕ’ನೇ. ಧನಾರ್ಥಿಗಳಾದ ಮೌರ್ಯರು ಪ್ರತಿಮೆಗಳನ್ನು ಮಾಡಿಸಿದ ಮಾತನ್ನು ಪತಂಜಲಿಯು ಇಲ್ಲಿಯೇ ಎತ್ತಿರುವನು. ಪೇಟೆಗೆ ಬಂದ ಪ್ರತಿಕೃತಿಯು ತನ್ನ ಕಕಾರವನ್ನು ಹೊತ್ತೇ ಬರಬೇಕು. ನಕಲಿ ಗಡಿಯಾರದ ದೋಷವು ಅದರ ಯಂತ್ರದಲ್ಲಿಲ್ಲ, ಅನುಕರಣದಲ್ಲಿಯೂ ಇಲ್ಲ; ಆ ಒಂದು ಕಕಾರವನ್ನು ನುಂಗಿರುವುದರಲ್ಲಿದೆ. ೧೯೯೯ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಸುಳ್ಳು ಮುದ್ರೆಯ ಸರಕನ್ನು ಮಾರುವವನಿಗೂ, ಮಾರಲೆಂದು ಇಟ್ಟುಕೊಂಡವನಿಗೂ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆಯುಂಟು. ಕಟ್ಟಿಕೊಂಡು ತಿರುಗುವವನ ಮಾತನ್ನು ಆ ಕಲಮು ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕುರುಗೋಡಿನಲ್ಲಿ ಒಂದು ಮದುವೆಗೆ ಹೋಗಿದ್ದೆನು. ಕೈಯಲ್ಲಿ ನಾನೇ ತೊಳೆದು ಎಣ್ಣೆ ಹಾಕಿದ ಸ್ವಿಸ್ ವೇಷಧಾರಿಯಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಶಿಷ್ಯನೊಬ್ಬನು ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು, ಗಡಿಯಾರವನ್ನು ನೋಡಿ, “ಗುರುಗಳೇ, ಇಂಥಾದ್ದು ಕಟ್ಟಬೇಕಂತ ಬಹಳ ದಿನದಿಂದ ಆಸೆ” ಎಂದನು. ಅಸಲಿಯೋ ನಕಲಿಯೋ ಎಂದು ಅವನು ಕೇಳಲಿಲ್ಲ. ನಾನು ನಕ್ಕು ಪಾಯಸವನ್ನು ಹಾಕಿಸಿಕೊಂಡೆನು. ಅಸತ್ಯವನ್ನು ನುಡಿದೆನೇ? ಇಲ್ಲ.

ಯೋಗಸೂತ್ರದ ವ್ಯಾಸಭಾಷ್ಯವನ್ನು ನಾನು ಎಷ್ಟೋ ಮಂದಿಗೆ ಪಾಠ ಹೇಳಿರುವೆನು. ತನ್ನಲ್ಲಿರುವ ಅರಿವನ್ನು ಮತ್ತೊಬ್ಬನಲ್ಲಿ ಇಳಿಸಲೆಂದೇ ಮಾತಿರುವುದು, ಅದು ವಂಚನೆಯಾಗಬಾರದು ಎಂಬುದು ಅಲ್ಲಿಯ ತಾತ್ಪರ್ಯ. ದ್ರೋಣನ ಮುಂದೆ ಧರ್ಮರಾಯನು ಮೆಲ್ಲಗೆ ನುಡಿದ ಕೊನೆಯ ಮಾತಿನ ಬಗ್ಗೆ ಮಕ್ಕಳಿಗೆ ಗಂಟೆಗಟ್ಟಲೆ ಹೇಳಿದವನಿಗೆ, ಪಂಕ್ತಿಯಲ್ಲಿ ತಾನು ಹಾಗೆಯೇ ಮಾಡಿದೆನೆಂಬುದು ತೋರಲಿಲ್ಲ. ಧರ್ಮರಾಯನಾದರೂ ಮೆಲ್ಲಗೆಯಾದರೂ ಹೇಳಿದನು.

ವರ್ಷ ಕಳೆದ ಮೇಲೆ ಅವನು ನಮ್ಮ ಮನೆಗೆ ಬಂದು ಒಂದು ಗಡಿಯಾರವನ್ನು ಮೇಜಿನ ಮೇಲಿಟ್ಟನು. ನಲವತ್ತು ಸಾವಿರ ರೂಪಾಯಿ ಕೊಟ್ಟಿದ್ದನು. ಕೈ ಬದಲಾದ ಅಸಲಿಯಾದುದರಿಂದ ಅಗ್ಗವೆಂದು ಮಾರಿದವನು ಹೇಳಿದ್ದನಂತೆ. ಶಿಷ್ಯನಿಗೂ ಮೊದಲು ನಂಬಿಕೆ ಬರಲಿಲ್ಲ. ಪಿಂಚಣಿಯ ಗುರುಗಳೇ ಕಟ್ಟಿರುವಾಗ ಈ ಬೆಲೆಗೆ ಅಸಲಿಯು ಸಿಕ್ಕುವುದಿರಬಹುದೆಂದು ಧೈರ್ಯ ತಂದುಕೊಂಡನಂತೆ. ಬೆನ್ನಿನ ಮುಚ್ಚಳವನ್ನು ತೆರೆದೆನು. ಒಳಗೆ ನನ್ನದರಲ್ಲಿದ್ದ ಯಂತ್ರವೇ ಇದ್ದಿತು. ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅವತ್ತೇ ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು ಗುರುಗಳೇ” ಎಂದನು. ಅರ್ಧ ಹಣವನ್ನು ಕೊಡುವೆನೆಂದರೆ ಕೈಮುಗಿದು ಬೇಡವೆಂದನು.

ಅಂದಿನಿಂದ ನಾನೊಂದು ಕೆಲಸ ಹಿಡಿದಿರುವೆನು. ಹಳೆಯ ರಿಪೇರಿಯವರು ಗಡಿಯಾರವನ್ನು ತೊಳೆದಾಗ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಾರೀಖನ್ನೂ ಗೀಚುವ ರೂಢಿಯುಂಟು. ಮುಂದೆ ತೆರೆಯುವವನಿಗೆ ಅದೇ ಕಾಗದ. ನನ್ನ ಜರಾಸಂಧರಿಗೂ ವೇಷಧಾರಿಗಳಿಗೂ ಅದೇ ಸ್ಥಳದಲ್ಲಿ ಒಂದೊಂದು ‘ಕ’ಕಾರವನ್ನು ಗೀಚಿ, ಕೆಳಗೆ ನಕಲಿಯೆಂದು ಬರೆದಿರುವೆನು. ಹೊರಗಿನವರಿಗೆ ಕಾಣದಲ್ಲಾ ಎಂದು ಬ್ರೂಸ್‌ಪೇಟೆಯ ವೃದ್ಧರು ಆಕ್ಷೇಪಿಸಿದರು. ಆಕ್ಷೇಪವು ಸರಿಯೇ. ಅದಕ್ಕಾಗಿ ಕೈಯಲ್ಲಿರುವುದನ್ನು ಯಾರಾದರೂ ನೋಡಿದೊಡನೆ, ಕೇಳುವ ಮುನ್ನವೇ ಹೇಳಿಬಿಡುವೆನು. ಕೆಲವರಿಗೆ ಇದು ಮುಪ್ಪಿನ ಚಪಲವೆಂದು ತೋರಿರಬಹುದು.

ಕಳೆದ ತಿಂಗಳು ಆ ಶಿಷ್ಯನು ಮತ್ತೆ ಬಂದನು. ಗಡಿಯಾರವು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ತೊಳೆದು ಸರಿಮಾಡಬೇಕೆಂದನು, ಮಗಳ ಕಾಲೇಜಿನ ಹಣಕ್ಕಾಗಿ ಅದನ್ನು ಮಾರುವನಂತೆ, ಕೊಳ್ಳುವವನೂ ಸಿಕ್ಕಿರುವನಂತೆ. ನನ್ನ ಕಕಾರದ ಸಂಗತಿಯು ಅವನಿಗೆ ಗೊತ್ತು. “ಇದಕ್ಕೊಂದಕ್ಕೆ ಬರೀಬೇಡಿರಿ ಗುರುಗಳೇ” ಎಂದನು. ಅವನ ನಷ್ಟದಲ್ಲಿ ನನ್ನ ಪಾಲಿರುವುದರಿಂದ ಹಾಗೆ ಕೇಳುವ ಅಧಿಕಾರವು ಅವನಿಗುಂಟು. ಕೊಳ್ಳಲಿರುವ ಮೂರನೆಯವನ ಮುಖವನ್ನು ನಾನು ಕಂಡಿಲ್ಲ. ಮೂರು ದಿನ ಯೋಚಿಸಿದೆನು. ಯಂತ್ರವನ್ನು ತೊಳೆದು ಎಣ್ಣೆಯಿಟ್ಟೆನು. ಈಗ ದಿನಕ್ಕೆ ಹತ್ತು ಸೆಕೆಂಡಿನ ಮೇಲೆ ತಪ್ಪುವುದಿಲ್ಲ. ಮುಚ್ಚಳದಲ್ಲಿ ಕಕಾರವನ್ನು ಗೀಚಿ, ನಕಲಿಯೆಂದು ಬರೆದು, ತಾರೀಖು ಹಾಕಿ ಮುಚ್ಚಿದೆನು. ಪಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಲಕೋಟೆಯನ್ನಿಟ್ಟು ಅವನಿಗೆ ಹೇಳಿಕಳುಹಿಸಿರುವೆನು. ಇನ್ನೂ ಬಂದಿಲ್ಲ. ದಿನವೂ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುತ್ತಿರುವೆನು.